ಹಿಂಗಾಲಿಲ್ಲದ ಎತ್ತು

ನಮ್ಮ ಕಾಲದಲ್ಲಿ ಶಾಲೆಯ ಡ್ರಾಯಿಂಗ್ ಕೊಠಡಿಯನ್ನು ಕಂಡವರು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದ ಪೆನ್ಸಿಲ್ ಚಿತ್ರವನ್ನು ಮರೆತಿರಲಿಕ್ಕಿಲ್ಲ. ಒಂದು ಜೊತೆ ಹಳ್ಳಿಕಾರ್ ಎತ್ತು, ಪಕ್ಕದಲ್ಲಿ ಮಲಗಿದ ಕರು. ಒಂದು ಎತ್ತು ಪೂರ್ತಿ ಇದೆ: ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಮುಂದಕ್ಕೆ ತಿರುಗಿದ ಕೊಂಬು, ಡುಬ್ಬ, ಗಂಗೆದೊಗಲಿನ ಮಡಿಕೆ, ಮೂಗುದಾರದ ಗಂಟು ಕೂಡ. ಇನ್ನೊಂದಕ್ಕೆ ಹಿಂಗಾಲುಗಳೇ ಇಲ್ಲ. ಬೆನ್ನಿನ ಗೆರೆ ಬಾಲದ ಬುಡಕ್ಕೆ ಬಂದು ನಿಂತುಬಿಟ್ಟಿದೆ. ಕರುವಿಗೆ ಮುಖವಿದೆ, ಕಿವಿಯಿದೆ, ಮೈ ಬರೀ ಗೆರೆ.

ಡ್ರಾಯಿಂಗ್ ಮೇಷ್ಟ್ರು ಅದನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, 4ಬಿ ಪೆನ್ಸಿಲಿನಲ್ಲಿ ಬರೆದಿದ್ದರು. ಎರಡನೇ ಎತ್ತಿನ ಬೆನ್ನಿಗೆ ಬರುವಷ್ಟರಲ್ಲಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ನಡೆಯುತ್ತಿದ್ದ ವ್ಯಾಪಾರ ಕುದುರಿ, ಕೊಂಡವರು ಜೋಡಿಯನ್ನು ಹೊಡೆದುಕೊಂಡು ಹೋದರಂತೆ. "ಮಿಕ್ಕದ್ದನ್ನು ಮನೆಯಲ್ಲಿ ಬರೆಯಬಹುದಿತ್ತಲ್ಲ ಸರ್" ಎಂದರೆ, "ಆ ಕಾಲನ್ನು ನಾನು ನೋಡಲೇ ಇಲ್ಲವಲ್ಲಪ್ಪ" ಎನ್ನುತ್ತಿದ್ದರು. ನಮಗದು ಸೋಮಾರಿಯ ನೆಪದಂತೆ ಕೇಳುತ್ತಿತ್ತು.

ಡ್ರಾಯಿಂಗಿನ ಲೋವರ್ ಗ್ರೇಡ್ ಪರೀಕ್ಷೆಗೆ ಅಭ್ಯಾಸ ನಡೆಯುತ್ತಿದ್ದ ಒಂದು ಮಧ್ಯಾಹ್ನ, ಕೊಠಡಿಯಲ್ಲಿ ಯಾರೂ ಇಲ್ಲದಾಗ, ಆ ಎತ್ತಿಗೆ ನಾನೇ ಒಂದು ಹಿಂಗಾಲು ಕೊಟ್ಟೆ. ಮನೆಯಲ್ಲಿ ದಿನವೂ ಎತ್ತಿಗೆ ಹುಲ್ಲು ಹಾಕುವ ಹುಡುಗ, ನನಗೆ ಗೊತ್ತಿರದೇ? ಮರುದಿನ ಮೇಷ್ಟ್ರು ಬೈಯಲಿಲ್ಲ, ಯಾರು ಎಂದೂ ಕೇಳಲಿಲ್ಲ. "ಇದು ಮನುಷ್ಯನ ಮಂಡಿ" ಎಂದರು, ಅಷ್ಟೆ. ಆಮೇಲೆ ನಮ್ಮನ್ನೆಲ್ಲ ಶಾಲೆಯ ಹಿಂದಿನ ಕೊಟ್ಟಿಗೆಗೆ ಕರೆದೊಯ್ದರು. ಹಸುವಿನ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡ ಕೀಲನ್ನು ಮುಟ್ಟಿ, "ಇದು ಅದರ ಹಿಮ್ಮಡಿ. ಮಂಡಿ ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ದನ ನಿಲ್ಲುವುದು ಬೆರಳ ತುದಿಯಲ್ಲಿ, ಎರಡೇ ಬೆರಳು" ಎಂದು ಗೊರಸು ತೋರಿಸಿದರು. ಮಲಗಿದ ದನ ಏಳುವಾಗ ಹಿಂಭಾಗವನ್ನು ಮೊದಲು ಎತ್ತುತ್ತದೆ ಎಂಬುದನ್ನೂ ನಾನು ಗಮನಿಸಿದ್ದು ಆವತ್ತೇ. ಕೊಟ್ಟಿಗೆಯ ಪಕ್ಕದಲ್ಲೇ ಮಲಗಿ ಬೆಳೆದವನು!

ನನ್ನ ಕಾಲನ್ನು ಮೇಷ್ಟ್ರು ರಬ್ಬರಿನಿಂದ ಅಳಿಸಿದರು. ಪೆನ್ಸಿಲನ್ನು ಒತ್ತಿ ಹಿಡಿಯುವ ಕೈ ನನ್ನದು, ಕಾಗದಕ್ಕೆ ಗೀರು ಬಿದ್ದಿತ್ತು. ಕಳೆದ ವರ್ಷ ಶಾಲೆಗೆ ಬಂದಾಗ ಚಿತ್ರ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿತ್ತು. ಕೆಳಗಿಳಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಆ ಮಂಡಿ ಅಲ್ಲೇ ಇದೆ.