ಮನೆ ಮುಂದೆ ಸ್ವಿಫ್ಟ್ ಡೀಸೆಲ್ ಆಯಿಲ್ ಬದಲಾವಣೆ: ಇಲ್ಲಿಯವರೆಗಿನ ಕೆಲಸ

ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿ "ಆಯಿಲ್ ಕಪ್ಪಾಗಿದೆ, ಬದಲಿಸಬೇಕು" ಅನ್ನುವ ಮಾತು ಡೀಸೆಲ್ ಗಾಡಿಗೆ ನಡೆಯೋದಿಲ್ಲ. ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿದರೆ ಸಾಕು, ಕಪ್ಪಾಗುತ್ತೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಒಂದು ಕಡೆ ಗಟ್ಟಿಯಾಗಲು ಬಿಡದೆ ತನ್ನೊಳಗೇ ತೇಲಿಸಿಕೊಂಡು ಇರಲಿ ಅಂತಲೇ ಆಯಿಲ್‌ಗೆ ಡಿಟರ್ಜೆಂಟ್, ಡಿಸ್ಪರ್ಸೆಂಟ್ ಬೆರೆಸಿರುತ್ತಾರೆ. ಅಂದರೆ ಕಪ್ಪಾಗುವುದು ಅದರ ಕೆಲಸ. ಹಾಗಾದರೆ ಯಾವಾಗ ಬದಲಿಸಬೇಕು? ಕಿಲೋಮೀಟರ್ ನೋಡಬೇಕು, ತಿಂಗಳು ನೋಡಬೇಕು, ಗಾಡಿ ಎಂಥ ಓಡಾಟ ಓಡಿದೆ ಅಂತಲೂ ನೋಡಬೇಕು. ಜೊತೆಗೆ ಒಂದು ಸಣ್ಣ ಕಾಗದದ ಪರೀಕ್ಷೆ ಇದೆ, ಅದನ್ನು ಕೆಳಗೆ ಬರೆದಿದ್ದೇನೆ.

ಗಾಡಿ 2013ರ ಸ್ವಿಫ್ಟ್ ವಿಡಿಐ. ಒಳಗಿರೋದು 1248 ಸಿಸಿಯ ಫಿಯಟ್ ಮಲ್ಟಿಜೆಟ್ ಎಂಜಿನ್. ಡಿಜೈರ್, ರಿಟ್ಜ್, ಪುಂಟೊ, ಇಂಡಿಕಾ ವಿಸ್ಟಾ ಎಲ್ಲದರಲ್ಲೂ ಇದ್ದದ್ದು ಇದೇ ಕುಟುಂಬದ ಎಂಜಿನ್. 2020ರಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಮಾರುತಿ ಇದನ್ನು ನಿಲ್ಲಿಸಿತು, ಆದರೆ ದಾವಣಗೆರೆಯಲ್ಲಿ ಯಾವ ರಸ್ತೆಗೆ ಹೋದರೂ ಇನ್ನೂ ನಾಲ್ಕಾರು ಸಿಗುತ್ತವೆ. ಎಂಜಿನ್‌ನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಇದರಲ್ಲಿ ಇಲ್ಲ, ಅದರ ಬದಲು ಚೈನ್ ಇದೆ. ಆ ಚೈನ್ ಬಿಗಿಯಾಗಿ ಇರುವಂತೆ ಹಿಡಿದಿಡುವ ಟೆನ್ಷನರ್ ಕೆಲಸ ಮಾಡೋದು ಆಯಿಲ್ ಪ್ರೆಷರ್‌ನಿಂದ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಶಾಫ್ಟ್ ತಿರುಗೋದೂ ಆಯಿಲ್‌ನ ತೆಳು ಪದರದ ಮೇಲೆಯೇ. ಹಾಗಾಗಿ ಉಳಿದ ಯಾವ ಕೆಲಸವನ್ನು ಮುಂದೆ ಹಾಕಿದರೂ ಆಯಿಲ್ ಬದಲಾವಣೆಯನ್ನು ಮಾತ್ರ ಹಾಕಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಗಾಡಿಯ ಓಡಾಟ ಎರಡು ಥರ. ವಾರವೆಲ್ಲ ವಿದ್ಯಾನಗರದಿಂದ ಪಿ.ಬಿ. ರೋಡ್‌ವರೆಗೆ, ಎಂಜಿನ್ ಸರಿಯಾಗಿ ಬಿಸಿಯಾಗೋಕೆ ಮೊದಲೇ ಆಫ್. ವಾರದ ಕೊನೆಗೆ ಅಪ್ಪನ ಜೊತೆ ಜಗಳೂರು ಕಡೆ ಹೊಲಕ್ಕೆ. ಮೆಕ್ಕೆಜೋಳದ ಕಟಾವಿನ ಕಾಲದಲ್ಲಿ ಆ ದಾರಿಯ ಧೂಳು ನೋಡಬೇಕು, ಅರ್ಧ ರಸ್ತೆಯಲ್ಲಿ ಜೋಳ ಒಣಗ್ತಾ ಇರುತ್ತೆ, ಇನ್ನರ್ಧದಲ್ಲಿ ಟ್ರ್ಯಾಕ್ಟರ್, ಮುಂದಿನ ಗಾಡಿ ಎಬ್ಬಿಸಿದ ಧೂಳೆಲ್ಲ ನಮ್ಮ ಬಾನೆಟ್ ಮೇಲೆ. ಈ ಎರಡೂ ಆಯಿಲ್‌ಗೆ ಆಗದ ಓಡಾಟಗಳೇ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆಯಿಲ್‌ಗೆ ಸೇರಿದ ತೇವ, ಉರಿಯದ ಡೀಸೆಲ್ ಹಬೆಯಾಗಿ ಹೋಗದೆ ಅಲ್ಲೇ ಉಳಿಯುತ್ತವೆ. ಕಂಪನಿ ಹೇಳೋದು 10,000 ಕಿಲೋಮೀಟರ್ ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ನಾನು ಏಳೂವರೆ ಸಾವಿರಕ್ಕೇ ಇಟ್ಟುಕೊಂಡಿದ್ದೇನೆ.

ಸಾಮಾನು

5ಡಬ್ಲ್ಯೂ-30 ಸಿಂಥೆಟಿಕ್ ಆಯಿಲ್ ತಂದೆ. "ನಮ್ಮೂರ ಬಿಸಿಲಿಗೆ ದಪ್ಪ ಆಯಿಲೇ ಬೇಕ್ರಿ, 20ಡಬ್ಲ್ಯೂ-50 ಹಾಕ್ರಿ" ಅಂತ ಅಂಗಡಿಯಲ್ಲಿ ಒಬ್ಬರು ಹೇಳಿದರು. ಬೇಸಿಗೆಯಲ್ಲಿ ಇಲ್ಲಿ ನಲವತ್ತರ ಹತ್ತಿರ ಹೋಗುತ್ತೆ, ನಿಜ. ಆದರೆ ಎಂಜಿನ್ ಒಳಗಿನ ಆಯಿಲ್ ಹೊರಗೆ ಎಷ್ಟು ಬಿಸಿಲಿದ್ದರೂ ಓಡುವಾಗ ನೂರು ಡಿಗ್ರಿ ಆಸುಪಾಸಿನಲ್ಲೇ ಇರುತ್ತೆ, ಆ ಎರಡನೇ ಅಂಕಿ ಹೇಳೋದು ಆ ಬಿಸಿಯಲ್ಲಿನ ದಪ್ಪವನ್ನೇ. ಮೊದಲನೇ ಅಂಕಿ ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಹೇಳುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಟರ್ಬೊಗೆ, ಚೈನ್‌ಗೆ ಬೇಗ ಮುಟ್ಟಬೇಕು ಅಲ್ವಾ? ಅದಕ್ಕೇ ತೆಳು.

ಡಬ್ಬದ ಹಿಂದೆ ಎಸಿಇಎ ಎ3/ಬಿ4 (ಯುರೋಪಿನ ಆಯಿಲ್ ಗುಣಮಟ್ಟದ ಗುರುತು) ಅಂತ ಇದೆಯಾ ನೋಡಿ ತಗೊಂಡೆ. ಇದು ಹಿಂದಿನ ಬಿಎಸ್4 ನಿಯಮದ ಗಾಡಿ, ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಇಲ್ಲ, ಹಾಗಾಗಿ ನಡೆಯುತ್ತೆ. ನಿಮ್ಮದು ಡಿಪಿಎಫ್ ಇರುವ ಬಿಎಸ್6 ಡೀಸೆಲ್ ಆಗಿದ್ದರೆ ಇದನ್ನು ಹಾಕಬೇಡಿ. ಅದಕ್ಕೆ ಬೂದಿ ಕಡಿಮೆ ಬಿಡುವ ಸಿ3 ಥರದ ಆಯಿಲ್ ಬೇಕು, ನಿಮ್ಮ ಮ್ಯಾನುಯಲ್ ಏನು ಹೇಳುತ್ತೋ ಅದೇ. ಮಸಿಯನ್ನಾದರೆ ಡಿಪಿಎಫ್ ಸುಟ್ಟುಕೊಳ್ಳುತ್ತೆ. ಆಯಿಲ್ ಉರಿದು ಉಳಿದ ಬೂದಿಯನ್ನು ಸುಡೋಕಾಗಲ್ಲ, ಅದು ಅಲ್ಲೇ ಕಟ್ಟಿಕೊಳ್ಳುತ್ತಾ ಹೋಗುತ್ತೆ.

ಇನ್ನು ಫಿಲ್ಟರ್, ಅದರ ಜೊತೆಗೇ ಬರುವ ಒ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬೋಲ್ಟ್‌ಗೆ ಹೊಸ ವಾಷರ್, ಕೈಗವಸು, ಹಳೇ ಬನಿಯನ್ ಬಟ್ಟೆ, ಅಗಲ ಬಾಯಿಯ ಟಬ್.

ಇಳಿಸೋದು

ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಗಾಡಿಯನ್ನು ಬಾತಿವರೆಗೆ ಓಡಿಸಿಕೊಂಡು ಬಂದೆ. ಆಯಿಲ್ ಬಿಸಿಯಾಗಿದ್ದರೆ ಕೊಳೆಯನ್ನೂ ಎಳೆದುಕೊಂಡು ಇಳಿಯುತ್ತೆ. ಕೈ ಸುಡುವಷ್ಟು ಬೇಡ, ಹತ್ತು ಹದಿನೈದು ನಿಮಿಷ ಬಿಟ್ಟು ಶುರು ಮಾಡಿ. ಮುಂದಿನ ಚಕ್ರಗಳನ್ನು ಕಬ್ಬಿಣದ ರ‍್ಯಾಂಪ್ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಸೈಜುಗಲ್ಲು ಕೊಟ್ಟೆ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಲೇಬೇಡಿ, ದಯವಿಟ್ಟು.

ಮೇಲೆ ಆಯಿಲ್ ಮುಚ್ಚಳ ತೆಗೆದು, ಕೆಳಗಿನ ಕವರ್ ಬಿಚ್ಚಿ, ಚೇಂಬರ್ ಬೋಲ್ಟ್ ಸಡಿಲಿಸಿದರೆ ಮೊದಲು ದಪ್ಪ ಧಾರೆ, ಆಮೇಲೆ ತೊಟ್ಟಿಕ್ಕುತ್ತಾ ಇರುತ್ತೆ. ಪೂರ್ತಿ ಇಳಿಯೋವರೆಗೆ ಬಿಟ್ಟು ಬಿಡಬೇಕು. ನಾನು ಅಷ್ಟರಲ್ಲಿ ಮಂಡಕ್ಕಿ ತಿಂದು ಟೀ ಕುಡಿದೆ. ಬೋಲ್ಟ್ ತಿರುಗಿ ಹಾಕುವಾಗ ಹೊಸ ವಾಷರ್, ಕೈಯಲ್ಲೇ ತಿರುಪು ಕೂರಿಸಿ ಕೊನೆಗೆ ಮಾತ್ರ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್). ಚೇಂಬರ್‌ನ ತಿರುಪು ಕಿತ್ತು ಹೋದರೆ ಖರ್ಚು ದೊಡ್ಡದು, ಪೈಪ್ ಹಾಕಿ ಎಳೆಯೋದು ಬೇಡವೇ ಬೇಡ.

ಫಿಲ್ಟರ್ ಮತ್ತು ಆ ಒ-ರಿಂಗ್

ಈ ಎಂಜಿನ್‌ಗೆ ಡಬ್ಬದಂಥ ಫಿಲ್ಟರ್ ಅಲ್ಲ, ಒಳಗೆ ಬರೀ ಕಾಗದದ ಎಲಿಮೆಂಟ್ ಇರುತ್ತೆ. ಮುಚ್ಚಳ ಬಿಚ್ಚಿ ಎಲಿಮೆಂಟ್ ಮಾತ್ರ ಬದಲಿಸಬೇಕು. ಜಾಗ ಇಕ್ಕಟ್ಟು, ಉದ್ದ ಎಕ್ಸ್‌ಟೆನ್ಷನ್ ಇಲ್ಲದೆ ಆಗಲ್ಲ.

ಮುಚ್ಚಳ ಕೈಗೆ ಬಂದಾಗ ನನಗೆ ಸಿಟ್ಟೇ ಬಂತು. ಒ-ರಿಂಗ್ ದುಂಡಗೆ ಇರಬೇಕು, ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗಿ ಮತ್ತೆ ಎದ್ದು ಬರಬೇಕು. ಇದರ ಹೊರಮೈ ಚಪ್ಪಟೆಯಾಗಿ ಹೊಳೀತಾ ಇತ್ತು, ಸಣ್ಣ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದರೆ ಪ್ಲಾಸ್ಟಿಕ್ ಥರ ಗಟ್ಟಿ, ಬಗ್ಗಿಸಿದ ಕಡೆ ಸೀಳು. ಹಿಂದಿನ ಸಲ ಆಯಿಲ್ ಮಾಡಿಸಿದ ಗ್ಯಾರೇಜ್‌ನಲ್ಲಿ ಎಲಿಮೆಂಟ್ ಬದಲಿಸಿದ್ದಾರೆ, ಡಬ್ಬದಲ್ಲೇ ಬಂದ ಹೊಸ ರಿಂಗ್ ಹಾಕಿಲ್ಲ. ಎರಡು ನಿಮಿಷದ ಕೆಲಸ ಅದು. ಇದು ಕೈಕೊಟ್ಟರೆ ಪ್ರೆಷರ್‌ನಲ್ಲಿರುವ ಆಯಿಲ್ ಹೊರಗೆ ಚಿಮ್ಮುತ್ತೆ, ಹೈವೇ ಮೇಲೆ ಚಿತ್ರದುರ್ಗದ ದಾರಿಯಲ್ಲಿ ಹಾಗೇನಾದರೂ ಆಗಿದ್ದರೆ ಎಂಜಿನ್ನೇ ಹೋಗುತ್ತಿತ್ತು. ನೀವು ಹೊರಗೆ ಮಾಡಿಸಿದರೂ ಪರವಾಗಿಲ್ಲ, ಹಳೇ ರಿಂಗ್ ಕೈಗೆ ಕೊಡಿ ಅಂತ ಕೇಳಿ ತಗೊಳ್ಳಿ.

ಹೊಸ ರಿಂಗ್‌ಗೆ ಹೊಸ ಆಯಿಲ್ ಸವರಿ, ಮುಚ್ಚಳದಲ್ಲಿನ ಅದರದೇ ತೋಡಿನಲ್ಲಿ ಕೂರಿಸಿ, ಸುತ್ತಲೂ ಬೆರಳಾಡಿಸಿ ಎಲ್ಲೂ ತಿರುಚಿಲ್ಲ ಅಂತ ನೋಡಿಕೊಂಡೇ ಮುಚ್ಚಳ ಹಾಕಿದೆ.

ತುಂಬೋದು

ಫಿಲ್ಟರ್ ಸೇರಿ ಮೂರು ಲೀಟರ್ ಮೇಲೆ ಸ್ವಲ್ಪ ಹಿಡಿಯುತ್ತೆ. ಮೂರೂವರೆ ಲೀಟರ್ ಡಬ್ಬ ಇದೆ ಅಂತ ಪೂರ್ತಿ ಸುರಿಯಬಾರದು. ಮೊದಲು ಮೂರು ಹಾಕಿ, ಸ್ಟಾರ್ಟ್ ಮಾಡಿ, ಆಯಿಲ್ ದೀಪ ಆರುವವರೆಗೆ ಆಕ್ಸಿಲರೇಟರ್ ಮುಟ್ಟದೆ ಬಿಟ್ಟೆ. ಆ ಕೆಲವು ಸೆಕೆಂಡ್ ಖಾಲಿ ಫಿಲ್ಟರ್ ತುಂಬುತ್ತಾ ಇರುತ್ತೆ, ಟರ್ಬೊಗೆ ಇನ್ನೂ ಆಯಿಲ್ ಮುಟ್ಟಿರಲ್ಲ. ಆಮೇಲೆ ಆಫ್ ಮಾಡಿ, ಗಾಡಿ ಸಮ ನೆಲಕ್ಕೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದೆ. ಮೇಲಿನ ಗೆರೆಗಿಂತ ಒಂದು ಚೂರು ಕೆಳಗೆ ನಿಲ್ಲಿಸಿದ್ದೇನೆ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಜಾಸ್ತಿ ಆಗೋದು ಕಡಿಮೆ ಆದಷ್ಟೇ ಕೆಟ್ಟದ್ದು. ಕೆಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಮಾಡುತ್ತೆ, ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಕೊಳವೆ ಮೂಲಕ ಅದು ಗಾಳಿ ಪೈಪ್ ಸೇರುತ್ತೆ. ತೀರಾ ಜಾಸ್ತಿ ಒಳಗೆ ಹೋದರೆ ಎಂಜಿನ್ ಡೀಸೆಲ್ ಬಿಟ್ಟು ತನ್ನ ಆಯಿಲನ್ನೇ ಕುಡಿದು ಓಡೋಕೆ ಶುರು ಮಾಡುತ್ತೆ, ಕೀ ತೆಗೆದರೂ ನಿಲ್ಲಲ್ಲ.

ಹಳೇ ಫಿಲ್ಟರ್ ಬಿಚ್ಚಿ ನೋಡಿದ್ದು

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಎಲಿಮೆಂಟ್‌ನ ಕಾಗದವನ್ನು ಬ್ಲೇಡ್‌ನಿಂದ ಎರಡೂ ಅಂಚಿಗೆ ಕುಯ್ದು, ಹಳೇ ಪೇಪರ್ ಮೇಲೆ ಉದ್ದಕ್ಕೆ ಹರಡಿದೆ. ಮಡಿಕೆ ಮಡಿಕೆಯಾಗಿ ಹಿಂಡಿ ಬಿಸಿಲಿಗೆ ಹಿಡಿದು ಓರೆಯಾಗಿ ನೋಡಬೇಕು. ಲೋಹದ ಚೂರಿದ್ದರೆ ಮಿನುಗುತ್ತೆ. ಕಬ್ಬಿಣದ್ದಾದರೆ ಅಯಸ್ಕಾಂತಕ್ಕೆ ಅಂಟುತ್ತೆ, ತಾಮ್ರ ಬಣ್ಣದ್ದು ಕಂಡರೆ ಬೇರಿಂಗ್ ಕಡೆ ಅನುಮಾನ ಪಡಬೇಕು. ನನ್ನದರಲ್ಲಿ ಮಸಿ ಬಿಟ್ಟರೆ ಏನೂ ಇರಲಿಲ್ಲ, ಕಾಗದ ಎಲ್ಲೂ ಹರಿದಿರಲಿಲ್ಲ. ಚೈನ್ ಬಗ್ಗೆ ಇದ್ದ ಆತಂಕ ಸುಮಾರು ಕಡಿಮೆಯಾಯಿತು.

ಆಮೇಲೆ ಕಾಗದದ ಪರೀಕ್ಷೆ. ಇಂಕ್ ಹೀರುವಂಥ ಬಿಳಿ ಕಾಗದದ ಮೇಲೆ ಹಳೇ ಆಯಿಲ್ ಒಂದು ಹನಿ ಬಿಟ್ಟು ರಾತ್ರಿ ಹಾಗೇ ಇಟ್ಟೆ. ಹನಿಯ ಜೊತೆ ಮಸಿಯೂ ದೂರದವರೆಗೆ ಹರಡಿ ನಿಧಾನಕ್ಕೆ ಬೂದು ಬಣ್ಣಕ್ಕೆ ತಿರುಗಿದರೆ ಆಯಿಲ್‌ಗೆ ಮಸಿ ಹೊರುವ ಶಕ್ತಿ ಇನ್ನೂ ಇದೆ ಅಂತ. ನಡುವೆ ಕಪ್ಪು ಚುಕ್ಕೆ ಗಟ್ಟಿಯಾಗಿ ನಿಂತು ಸುತ್ತ ಬರೀ ಎಣ್ಣೆ ಹರಡಿದರೆ ಮುಗೀತು ಅಂತ. ನನ್ನದು ಈ ಎರಡರ ನಡುವೆ ಬಂತು, ನಡುವಿನ ಚುಕ್ಕೆಯ ಅಂಚು ಸಾಕಷ್ಟು ಗಾಢವಾಗಿತ್ತು. ಹತ್ತು ಸಾವಿರದವರೆಗೆ ಎಳೆಯದೆ ಇದ್ದದ್ದು ಒಳ್ಳೆಯದೇ ಆಯಿತು.

ಸುಟ್ಟ ಆಯಿಲ್

ಪಕ್ಕದ ಮನೆಯ ದೊಡ್ಡಪ್ಪ ಬಂದು "ಚೆಲ್ಲಬೇಡಪ್ಪಾ, ಬೇಲಿ ಗೂಟಕ್ಕೆ ಹಚ್ಚಿದ್ರೆ ಗೆದ್ದಲು ಹತ್ತಂಗಿಲ್ಲ, ನಂಗ ಕೊಡು" ಅಂದರು. "ದೊಡ್ಡಪ್ಪಾ, ಮಳೆಗೆ ತೊಳೆದು ಹೊಲದ ಮಣ್ಣಿಗೇ ಇಳಿಯುತ್ತೆ, ಬೋರ್ ನೀರು ಅಲ್ಲೇ ಇದೆಯಲ್ಲ" ಅಂದೆ. ಸ್ವಲ್ಪ ಯೋಚನೆ ಮಾಡಿ "ಹೌದು ಬಿಡು" ಅಂದರು. ಕಾನೂನಿನ ಪ್ರಕಾರವೂ ಇದು ಅಪಾಯಕಾರಿ ತ್ಯಾಜ್ಯ, ಅನುಮತಿ ಇರುವ ಮರುಬಳಕೆ ಘಟಕಕ್ಕೇ ಹೋಗಬೇಕು. ಹಳೇ ಡಬ್ಬಕ್ಕೆ ತುಂಬಿ, ಅಂಥವರಿಗೆ ಬ್ಯಾರಲ್‌ಗಟ್ಟಲೆ ಕೊಡುವ ಪರಿಚಯದ ಗ್ಯಾರೇಜ್ ಅಣ್ಣನಿಗೆ ಕೊಟ್ಟುಬಂದೆ. ಖಾಲಿ ಆದ ಮೇಲೆ ಆ ಡಬ್ಬಕ್ಕೆ ತೂತು ಮಾಡಿ ಲೇಬಲ್ ಹರಿದು ಹಾಕಿದೆ, ಕಂಪನಿ ಡಬ್ಬಕ್ಕೆ ನಕಲಿ ಆಯಿಲ್ ತುಂಬಿ ಮಾರುವವರ ಕೈಗೆ ಸಿಗಬಾರದು.

ಈಗಿನ ಸ್ಥಿತಿ

ಹರಿಹರ, ಚಿತ್ರದುರ್ಗ, ಹೊಲ ಎಲ್ಲ ಸುತ್ತಿ ಬಂದಾಯಿತು. ಕೆಳಗೆ ಕಾರ್ಡ್‌ಬೋರ್ಡ್ ಹಾಸಿ ನಿಲ್ಲಿಸಿದ್ದೆ, ಒಂದು ಹನಿ ಇಲ್ಲ. ಮಟ್ಟ ಇಳಿದಿಲ್ಲ, ಏರಿಯೂ ಇಲ್ಲ. ಏರಿದ್ದರೆ ಡೀಸೆಲ್ ಸೇರುತ್ತಿದೆ ಅಂತ ಅರ್ಥ, ಅದಕ್ಕೇ ಎರಡೂ ಕಡೆ ನೋಡಬೇಕು. ಬಣ್ಣ ಆಗಲೇ ಕಪ್ಪು. ಏರ್ ಫಿಲ್ಟರ್ ತೆಗೆದು ನೋಡಿದೆ, ಜಗಳೂರಿನ ಕೆಂಪು ಧೂಳು ಮಡಿಕೆಗಳಲ್ಲಿ ತುಂಬಿದೆ. ಹೊಸದು ಹೇಳಿದ್ದೇನೆ, ಅದು ಬಂದ ದಿನವೇ ಡೀಸೆಲ್ ಫಿಲ್ಟರ್‌ನಲ್ಲಿ ನಿಂತ ನೀರನ್ನೂ ಇಳಿಸುತ್ತೇನೆ.