‘ಆ ಹುಡುಗನನ್ನ ಇನ್ನೂ ಯಾಕೆ ಸೇರಿಸ್ತೀರ ಮೇಷ್ಟ್ರೇ?’

ಕೋಲಾರದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪುಕ್ಕಟೆ ಲೆಕ್ಕ ಹೇಳಿಕೊಡುತ್ತೇನೆ. ನಮ್ಮ ಬೀದಿಯವರ ಮಾತು ಎಲ್ಲಿಂದ ಶುರುವಾದರೂ ಒಬ್ಬ ಹುಡುಗನ ಹತ್ತಿರ ಬಂದು ನಿಲ್ಲುತ್ತೆ. ಅವನಿಗೆ ಹದಿಮೂರು ವರ್ಷ. ಸ್ಕೂಲಿಗೆ ಚಕ್ಕರ್ ಹೊಡೆದು ಟೊಮೆಟೊ ಮಂಡಿಗೆ ಹೋಗುತ್ತಾನೆ, ಬಂದ ಕಾಸನ್ನು ಗುಟ್ಕಾಗೆ, ಮೊಬೈಲ್ ಗೇಮಿಗೆ ಸುರಿಯುತ್ತಾನೆ, ಬಾಯಿ ಬಿಟ್ಟರೆ ಸುಳ್ಳು. "ಅಂಥವನಿಗೆ ಯಾಕೆ ಪಾಠ? ಆಚೆ ಕಳಿಸಿ" ಅಂತಾರೆ.

ಕಳಿಸಲ್ಲ. ಪಾಠ ತಪ್ಪಿಸಿದರೆ ಅವನಿಗೆ ಶಿಕ್ಷೆ ಅನಿಸುತ್ತಾ? ರಜೆ ಸಿಕ್ತು ಅಂದುಕೊಳ್ಳುತ್ತಾನೆ.

ಎಲ್ಲಿಗೆ ಹೋಗಿದ್ದೆ ಅಂತಲೂ ಕೇಳಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳಿಸಿದ ಹಾಗೆ, ಅಷ್ಟೇ. "ನಿನ್ನೆ ಬಂದಿಲ್ಲ, ಎರಡು ಲೆಕ್ಕ ಬಾಕಿ" ಅಂತೀನಿ. ಗೊಣಗುತ್ತಾ ಕೂರುತ್ತಾನೆ. ಹಾಗಂತ ಸಲಿಗೆ ಕೊಟ್ಟಿಲ್ಲ. ಸಾಲ ಕೇಳಿದರೆ ಇಲ್ಲ. ಗುಟ್ಕಾ ಹಾಕಿಕೊಂಡು ಬಂದರೆ ಉಗಿದು, ಬಾಯಿ ತೊಳೆದ ಮೇಲೇ ಒಳಗೆ.

ಬೋರ್ಡಿನ ಮೇಲೆ ಭಾಗಾಕಾರ ಬರೆದರೆ ಆಕಳಿಸುತ್ತಾನೆ. ಒಂದಿನ ಕೇಳಿದೆ: 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, 2,000ಕ್ಕೇ ಹಿಡಿದರೆ ಕೆಜಿಗೆ ಎಷ್ಟಾಯ್ತು? "ನೂರಾ ಮೂವತ್ಮೂರು ಚಿಲ್ರೆ ಸಾರ್." ಪೆನ್ಸಿಲ್ ಕೂಡ ಮುಟ್ಟಲಿಲ್ಲ. ಆ ಚಿಲ್ಲರೆಯನ್ನು ನೋಟ್‌ಬುಕ್ಕಿನಲ್ಲಿ ಬರಿ ಅಂದಾಗ ಮಾತ್ರ ಬಿಂದು ಎಲ್ಲಿಡಬೇಕು ಅಂತ ತಲೆ ಕೆರೆದುಕೊಂಡ. ಅವತ್ತೇ ದಶಮಾಂಶ ಶುರು ಮಾಡಿದೆವು. ಆಮೇಲೆ ಗೇಮಿನೊಳಗೆ ಕಾಸು ಕೊಟ್ಟು ಕೊಳ್ಳುವ ‘ಡೈಮಂಡ್’ಗೆ ಹಾಕಿದ ದುಡ್ಡನ್ನೂ ಅವನ ಕೈಯಲ್ಲೇ ಕೂಡಿಸಿದೆ. ಮೊತ್ತ ನೋಡಿ ಹಾಳೆ ಹರಿದು ಜೇಬಿಗೆ ತುರುಕಿಕೊಂಡ. ಗೇಮ್ ಬಿಟ್ಟನಾ? ಇಲ್ಲ.

ಮಂಡಿ ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬರೋದು ಅವನ ಮೇಲಲ್ಲ. 14 ತುಂಬದ ಮಕ್ಕಳನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಅಂತ 2016ರಲ್ಲೇ ಕಾನೂನು ಬಿಗಿಯಾಗಿದೆ. ಹುಡುಗ ಕೆಟ್ಟ ಅನ್ನೋರು ಬೇಕಾದಷ್ಟು ಜನ ಇದ್ದಾರೆ. ಅವನ ತಲೆ ಮೇಲೆ ಬಾಕ್ಸ್ ಹೊರಿಸಿದವನನ್ನು ಯಾರೂ ಕೇಳಲ್ಲ. ನಾನು ಕೇಳಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ತೀನಿ ಅಂತಲೂ ಹೇಳಿದೆ. ಹುಡುಗನ ತಾಯಿಗೂ ಹೇಳಿದ್ದೇನೆ. "ನನ್ನ ಮಾತೆಲ್ಲಿ ಕೇಳ್ತಾನೆ ಸಾರ್" ಅಂದರು ಆಯಮ್ಮ. ಈಗ ಮಂಡಿಗೆ ಹೋಗೋದು ಕಮ್ಮಿಯಾಗಿದೆ, ನಿಂತಿಲ್ಲ.

ಅವನ ಸಹವಾಸದಿಂದ ಬೇರೆ ಮಕ್ಕಳೂ ಕೆಡ್ತಾರೆ ಅನ್ನೋದು ಇನ್ನೊಂದು ದೂರು. ಅವರೆಲ್ಲ ಅವನ ಜೊತೆ ಅದೇ ಬೀದಿಯಲ್ಲಿ ಆಡಿ ಬೆಳೆದೋರು. ಇಲ್ಲಿದ್ದಷ್ಟು ಹೊತ್ತು ನನ್ನ ಕಣ್ಣೆದುರಿಗಾದರೂ ಇರ್ತಾರಲ್ವಾ?