ಅದು ಅಪ್ಪ ಎಳೆದ ಗೆರೆ

ಹೋದ ವರ್ಷದ ಸೈನ್ಸ್ ಫೇರ್‌ನಲ್ಲಿ ನನ್ನ ಮರ್ಯಾದೆ ಹೋಯಿತು. ಮಗಳು ಆಗ ನಾಲ್ಕನೇ ಕ್ಲಾಸು. ಐಸ್ ತುಂಡಿಗೆ ಎಷ್ಟು ಪದರ ಬಟ್ಟೆ ಸುತ್ತಿದರೆ ಎಷ್ಟು ಹೊತ್ತು ಕರಗದೆ ಉಳಿಯುತ್ತದೆ ಅನ್ನುವುದು ಅವಳ ಪ್ರಯೋಗ. ಗ್ರಾಫ್ ಪೇಪರ್ ಮೇಲೆ ಸ್ಕೆಚ್ ಪೆನ್ನಿನಿಂದ ತಾನೇ ಚುಕ್ಕಿ ಇಟ್ಟಿದ್ದಳು. ಸ್ವಲ್ಪ ಸೊಟ್ಟಗಿತ್ತು. ನನಗೆ ತಡೆಯಲಿಲ್ಲ. ಅವಳು ಮಲಗಿದ ಮೇಲೆ ಎಕ್ಸೆಲ್‌ನಲ್ಲಿ ಚಂದದ ಗ್ರಾಫ್ ಮಾಡಿ, ಚುಕ್ಕಿಗಳ ನಡುವೆ ಟ್ರೆಂಡ್‌ಲೈನ್ ಎಳೆದು, ಅದರ ಸಮೀಕರಣವನ್ನೂ ಪಕ್ಕದಲ್ಲಿ ಹಾಕಿ ಬೋರ್ಡಿಗೆ ಅಂಟಿಸಿಬಿಟ್ಟೆ.

ಜಡ್ಜ್‌ಗಳು ಬರುವಾಗ ಇಲ್ಲಿ ಅಪ್ಪ ಅಮ್ಮ ಒಳಗೆ ಇರುವಂತಿಲ್ಲ. ಹಾಗಾಗಿ ಏನಾಯಿತು ಅಂತ ನನಗೆ ಗೊತ್ತಾಗಿದ್ದು ವಾಪಸ್ ಬರುವಾಗ, ಕಾರಿನಲ್ಲಿ. "ಈ ಗೆರೆ ಏನು ಹೇಳುತ್ತೆ ಅಂತ ಕೇಳಿದ್ರು ಅಪ್ಪ. ನಂಗೊತ್ತಿಲ್ಲ, ಅದು ಅಪ್ಪ ಎಳೆದ ಗೆರೆ ಅಂದೆ." ಹಿಂದಿನ ಸೀಟಿನಿಂದ, ಒಂಚೂರೂ ಬೇಜಾರಿಲ್ಲದೆ ಹೇಳಿದಳು. ನಾನು ರೇಡಿಯೋ ಜೋರು ಮಾಡಿದೆ.

ಈ ವರ್ಷ ಪಿಟಿಎ, ಅಂದರೆ ಪಾಲಕರು ಮತ್ತು ಟೀಚರುಗಳ ಸಂಘ, ಫೇರ್ ನಡೆಸಿಕೊಡಲು ಜನ ಬೇಕು ಅಂದಾಗ ನಾನು ಕೈ ಎತ್ತಿದ್ದಕ್ಕೆ ಆ ಗೆರೆಯೇ ಕಾರಣ ಇರಬೇಕು. ನಾವಿರುವುದು ಓಹಾಯೋದ ಕೊಲಂಬಸ್ ಹತ್ತಿರ. ಅಮೆರಿಕದಲ್ಲಿ ಸೈನ್ಸ್ ಫೇರ್ ಹಳೆಯ ಸಂಗತಿ. ರಾಷ್ಟ್ರಮಟ್ಟದ ಮೊದಲ ಫೇರ್ 1950ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದಾಗ ಬಂದಿದ್ದು 30 ಮಕ್ಕಳು. ಅದೇ ಬೆಳೆದು ಈಗ ಐಸೆಫ್ ಅನ್ನುವ ಅಂತರರಾಷ್ಟ್ರೀಯ ಫೇರ್ ಆಗಿದೆ. 2025ರ ಮೇ ತಿಂಗಳಲ್ಲಿ ನಮ್ಮ ಕೊಲಂಬಸ್‌ನಲ್ಲೇ ನಡೆಯಿತು, 60ಕ್ಕೂ ಹೆಚ್ಚು ದೇಶಗಳಿಂದ 1600ಕ್ಕೂ ಜಾಸ್ತಿ ಮಕ್ಕಳು. ಅದು ಹೈಸ್ಕೂಲಿನವರದ್ದು. ನಮ್ಮದು ಮೂರರಿಂದ ಐದನೇ ಕ್ಲಾಸಿನವರ, ಜಿಮ್ ಹಾಲಿನ ಫೇರ್.

ನಾನು ಸ್ಕೂಲಲ್ಲಿದ್ದಾಗ ವಿಜ್ಞಾನ ವಸ್ತುಪ್ರದರ್ಶನ ಅಂದರೆ ಮಾಡೆಲ್. ಥರ್ಮೋಕೋಲ್ ಕತ್ತರಿಸಿ ಅಣೆಕಟ್ಟು ಮಾಡಿದ್ದೆ, ಒಳಗೆ ಸಣ್ಣ ಬಲ್ಬು ಉರಿಯುತ್ತಿತ್ತು. ಇಲ್ಲಿ ಮಾಡೆಲ್‌ಗೆ ಅಷ್ಟು ಬೆಲೆಯಿಲ್ಲ. ಒಂದು ಪ್ರಶ್ನೆ ಬೇಕು, ಉತ್ತರ ಏನಿರಬಹುದು ಅಂತ ಮೊದಲೇ ಒಂದು ಊಹೆ ಬರೆಯಬೇಕು, ಆಮೇಲೆ ಅಳೆದು ನೋಡಬೇಕು. ಸೋಡಾ ಪುಡಿಗೆ ವಿನೆಗರ್ ಸುರಿದು ಜ್ವಾಲಾಮುಖಿ ಉಕ್ಕಿಸುವುದು ಇಲ್ಲಿಯೂ ಮಕ್ಕಳ ಅಚ್ಚುಮೆಚ್ಚು. ಆದರೆ ಅದು ಪ್ರಯೋಗ ಅಲ್ಲ, ತಮಾಷೆ. "ವಿನೆಗರ್ ಎರಡು ಪಟ್ಟು ಹಾಕಿದರೆ ನೊರೆಯೂ ಎರಡು ಪಟ್ಟು ಬರುತ್ತಾ?" ಅಂತ ಕೇಳಿದ ತಕ್ಷಣ ಪ್ರಯೋಗ ಆಗುತ್ತದೆ. ಎಂಟು ಜ್ವಾಲಾಮುಖಿಗಳನ್ನು ನಾವು ಹೀಗೇ ದಾರಿಗೆ ತಂದೆವು.

ಕೆಲಸ ಶುರುವಾಗಿದ್ದು ಲೆಕ್ಕದಿಂದ. 62 ಪ್ರಾಜೆಕ್ಟ್. ಮೂರು ಮಡಿಕೆಯ ರಟ್ಟಿನ ಬೋರ್ಡು ಬಿಡಿಸಿ ನಿಲ್ಲಿಸಿದರೆ ಆರು ಅಡಿ ಟೇಬಲ್ಲಿಗೆ ಎರಡೇ ಹಿಡಿಯುವುದು. ಅಂದರೆ 31 ಟೇಬಲ್. ಸ್ಕೂಲಿನಲ್ಲಿದ್ದದ್ದು 24. ಉಳಿದ ಏಳು ಪಕ್ಕದ ಚರ್ಚಿನಿಂದ ಬಂದವು. ಜಡ್ಜ್‌ಗಳ ಲೆಕ್ಕ ಇನ್ನೂ ತಲೆನೋವು. ಪ್ರತಿ ಪ್ರಾಜೆಕ್ಟನ್ನು ಮೂವರು ನೋಡಬೇಕು ಅಂದರೆ 186 ಸಲ ನೋಡಬೇಕು. ಒಂದಕ್ಕೆ ಹತ್ತು ನಿಮಿಷ, ಇರುವುದು ಒಂದೂವರೆ ಗಂಟೆ, ಒಬ್ಬರಿಗೆ ಒಂಬತ್ತು. ಬೇಕಾದ ಜಡ್ಜ್‌ಗಳು 21, ಒಪ್ಪಿದವರು 14. ಮೂವರ ಬದಲು ಇಬ್ಬರು ಸಾಕು ಅಂದುಕೊಂಡಾಗ ಸರಿಯಾಗಿ 14ಕ್ಕೆ ಕೂತಿತು. ಖುಷಿಪಟ್ಟೆ. ಫೇರ್ ದಿನ ಒಬ್ಬರು ಹಿಮದಲ್ಲಿ ಸಿಕ್ಕಿಕೊಂಡರು, ಲೈಬ್ರರಿ ಟೀಚರ್ ಕೈಗೆ ಪೆನ್ನು ಕೊಟ್ಟು ಕೂರಿಸಿದೆವು.

ನಿಯಮಗಳನ್ನು ನಾವು ದೊಡ್ಡ ಫೇರ್‌ನಿಂದಲೇ ಎರವಲು ತಂದೆವು. ಟೇಬಲ್ ಮೇಲೆ ಗಿಡ ಇಡುವಂತಿಲ್ಲ, ಮಣ್ಣು ಇಲ್ಲ, ತಿಂಡಿ ಇಲ್ಲ, ನೀರೂ ಇಲ್ಲ. ಎಲ್ಲವೂ ಫೋಟೋದಲ್ಲಿ. ಗೆಳೆಯರ ಮೇಲೆ ಪ್ರಯೋಗ ಮಾಡುವುದಾದರೆ, ಸುಮ್ನೆ ಯಾವ ಬಣ್ಣ ಬೇಗ ನೆನಪಿರುತ್ತೆ ಅಂತ ಕೇಳುವುದಾದರೂ, ಮೊದಲೇ ಒಪ್ಪಿಗೆ ಬೇಕು. ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವಂತಿಲ್ಲ. ಬ್ರೆಡ್ಡಿನ ಬೂಷ್ಟಿನ ಮೇಲೆ ಪ್ರಯೋಗ ಮಾಡಬಹುದು, ಆದರೆ ಬೂಷ್ಟು ಕಂಡ ಕೂಡಲೇ ನಿಲ್ಲಿಸಬೇಕು. ಈ ಕೊನೆಯದನ್ನು ಒಬ್ಬ ಹುಡುಗ ಓದಿರಲಿಲ್ಲ. ಬೆಳಗ್ಗೆ ಅವನಮ್ಮ ಜಿಪ್ ಕವರಿನಲ್ಲಿ ಬ್ರೆಡ್ ಹಿಡಿದು ಬಂದರು. ಮೂರು ವಾರದ ಬೆಳೆ. ಹಸಿರು, ಕಪ್ಪು, ಮಧ್ಯೆ ಒಂದು ಕಡೆ ಗುಲಾಬಿ. ಹುಡುಗ ಅದನ್ನು ಹೆಮ್ಮೆಯಿಂದ ನೋಡುತ್ತಿದ್ದ. ಕವರು ತೆಗೆಯದೆ ಇನ್ನೊಂದು ಕವರಿಗೆ ಹಾಕಿ ಕಸದ ಡಬ್ಬಿಗೆ ಹೋಯಿತು. ಅವನ ಮುಖ ನೋಡಲಾಗಲಿಲ್ಲ. ಫೋಟೋಗಳಿದ್ದವು, ಅದರಲ್ಲೇ ನಡೆಸಿದ.

ಅಪ್ಪ ಅಮ್ಮಂದಿರನ್ನು ಹೊರಗೆ ಕಳಿಸುವ ಕೆಲಸ ನನ್ನ ಪಾಲಿಗೇ ಬಂತು. ನನಗಿಂತ ಅರ್ಹರು ಯಾರಿದ್ದರು ಹೇಳಿ. ಬೋರ್ಡು ನೆಟ್ಟಗೆ ಮಾಡುವ ನೆಪದಲ್ಲಿ ಎರಡು ಸಲ ಒಳಗೆ ಬಂದವರೂ ಇದ್ದರು. ಒಬ್ಬ ತಂದೆ ಐದನೇ ಕ್ಲಾಸಿನ ಮಗನ ಪಟ್ಟಿಯ ಮುಂದೆ ನಿಂತು ಪಿಸುಗುಡುತ್ತಿದ್ದರು. ಹುಡುಗ ಕಾಗದದ ಹೆಲಿಕಾಪ್ಟರ್ ಮಾಡಿ, ರೆಕ್ಕೆಯ ಉದ್ದ ಬದಲಿಸುತ್ತಾ ಮಹಡಿ ಮೆಟ್ಟಿಲ ಮೇಲಿನಿಂದ ಬಿಟ್ಟು ಎಷ್ಟು ಸೆಕೆಂಡಿಗೆ ಬೀಳುತ್ತದೆ ಅಂತ ಅಳೆದಿದ್ದ. ಉದ್ದ ರೆಕ್ಕೆಯ ಸಾಲಿನಲ್ಲಿ ಐದು ಅಂಕಿ: 2.1, 2.3, 1.4, 2.2, 2.0.

"ಆ 1.4 ತೆಗೆದುಬಿಡು, ಸರಾಸರಿ ಹಾಳಾಗ್ತಿದೆ" ಅನ್ನುವುದು ತಂದೆಯ ಮಾತು. ಹುಡುಗ ಕೇಳಲಿಲ್ಲ. ಅಂಕಿಯ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ನಕ್ಷತ್ರ ಹಾಕಿದ್ದ. ಕೆಳಗೆ ನೋಡಿದರೆ ಅವನ ಅಕ್ಷರದಲ್ಲಿ, "ತಮ್ಮ ಬಾಗಿಲು ತೆಗೆದ. ಗಾಳಿ ಬಂತು."

ಇಬ್ಬರು ಜಡ್ಜ್‌ಗಳೂ ಆ ನಕ್ಷತ್ರದ ಹತ್ತಿರವೇ ನಿಂತರು. ಒಬ್ಬರು, "ಹಾಗಾದರೆ ಸರಾಸರಿಗೆ ಅದನ್ನೂ ಸೇರಿಸಿದೆಯಾ?" ಅಂತ ಕೇಳಿದರು. ಎರಡನ್ನೂ ಬರೆದಿದ್ದೇನೆ ಅಂದ: ಸೇರಿಸಿದರೆ 2.0, ಬಿಟ್ಟರೆ 2.15. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. ಹೊರಗಿದ್ದ ಅವನಪ್ಪನಿಗೆ ಹೇಳೋಣ ಅನ್ನಿಸಿತು, ಹೇಳಲಿಲ್ಲ. ಕಾರಿನಲ್ಲಿ ಮಗನೇ ಹೇಳಿರುತ್ತಾನೆ.

ನನ್ನ ಮಗಳು ಈ ಸಲ ಏನು ಮಾಡಿದಳು ಅಂತ ಕೇಳಬೇಡಿ. ನನಗೆ ಬೋರ್ಡು ತೋರಿಸಿದ್ದೇ ಫೇರ್ ದಿನ. ಗ್ರಾಫ್ ಸೊಟ್ಟಗೇ ಇತ್ತು.

ಬಹುಮಾನ ಹತ್ತೇ ನಿಮಿಷದಲ್ಲಿ ಮುಗಿಯಿತು. ರಿಬ್ಬನ್, ಚಪ್ಪಾಳೆ, ಎಲ್ಲರಿಗೂ ಒಂದು ಸರ್ಟಿಫಿಕೇಟ್. ಆಮೇಲೆ ಜಿಮ್ ಖಾಲಿಯಾಗಿ ನಾವು ನಾಲ್ಕೈದು ಜನ ಉಳಿದೆವು. ನೆಲಕ್ಕೆ ಅಂಟಿಸಿದ್ದ ನೀಲಿ ಟೇಪು ಕಿತ್ತು, ಎಕ್ಸ್‌ಟೆನ್ಶನ್ ವೈರ್ ಸುತ್ತಿ, ಟೇಬಲ್ ಕಾಲು ಮಡಚುತ್ತಾ ಹೋದೆವು. ಒಂದು ಟೇಬಲ್ಲಿನ ಹತ್ತಿರ ಮೂರನೇ ಕ್ಲಾಸಿನ ಹುಡುಗಿ ಇನ್ನೂ ಕೂತಿದ್ದಳು. ಉಪ್ಪುನೀರಿನಲ್ಲಿ ಹುರುಳಿಕಾಯಿ ಬೀಜ ಮೊಳೆಯುತ್ತಾ ಅನ್ನುವುದು ಅವಳ ಪ್ರಶ್ನೆ. ಗಿಡ ಇಡಬಾರದು ಅಂದಿದ್ದಕ್ಕೆ ಕಪ್ಪುಗಳನ್ನು ಕ್ಲಾಸಿನ ಕಿಟಕಿಯಲ್ಲಿ ಬಿಟ್ಟಿದ್ದಳು. ಈಗ ತಂದು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಸ್ಕೇಲು ಹಿಡಿಯುತ್ತಿದ್ದಳು. ಉಪ್ಪುನೀರಿನ ಹತ್ತು ಬೀಜದಲ್ಲಿ ಒಂದು ಮಾತ್ರ ತಲೆ ಎತ್ತಿತ್ತು.

"ಫೇರ್ ಮುಗೀತಲ್ಲಮ್ಮಾ" ಅಂದೆ.

"ಇವತ್ತು ಹದಿನೈದನೇ ದಿನ ಅಂಕಲ್" ಅಂದಳು, ತಲೆ ಎತ್ತದೆ. ನಾನು ಪಕ್ಕದ ಟೇಬಲ್ ಮೊದಲು ಮಡಚಿದೆ.